ಹಗಲಿನಲ್ಲಿ ಕಾಣದ ಬೆಂಕಿ

ಅವರ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ನಮ್ಮ ವರದಿಗಳಲ್ಲಿ ಎಲ್ಲಿಯಾದರೂ ತಮ್ಮ ಹೆಸರು ಕಣ್ಣಿಗೆ ಬಿದ್ದರೆ ಅವರು ಕೆಂಪು ಪೆನ್ನಿನಿಂದ ಅದರ ಮೇಲೊಂದು ಗೆರೆ ಎಳೆಯುತ್ತಿದ್ದರು. “ಇಂಜಿನ್ ಓಡಿತು ಅಂತ ಬರಿ. ಯಾರು ಓಡಿಸಿದ್ರು ಅಂತ ಯಾರೂ ಕೇಳಿಲ್ಲ” ಎನ್ನುತ್ತಿದ್ದರು. ಹೆಸರಿನ ಬೆನ್ನಿಗೇ ವಿಶೇಷಣಗಳೂ ಹೋಗುತ್ತಿದ್ದವು. ನಾನು ‘ಅತ್ಯಂತ ತೃಪ್ತಿಕರವಾಗಿ ಕಾರ್ಯನಿರ್ವಹಿಸಿತು’ ಎಂದು ಬರೆದದ್ದು ಮೊದಲು ‘ತೃಪ್ತಿಕರವಾಗಿ ಓಡಿತು’ ಎಂದಾಗಿ, ಕೊನೆಗೆ ಬರೀ ‘ಓಡಿತು’ ಎಂದು ಉಳಿಯುತ್ತಿತ್ತು. ಹೆಸರಿನ ವಿಷಯದಲ್ಲಿ ಅವರ ಮಾತನ್ನು ನಡೆಸುತ್ತೇನೆ. ವಿಶೇಷಣಗಳ ವಿಷಯದಲ್ಲಿ ಅಂಥ ಭರವಸೆ ಕೊಡಲಾರೆ.

ಕಳೆದ ತಿಂಗಳು ಹೊಳಲಿನಿಂದ ಕೊಟ್ರಪ್ಪಣ್ಣ ಫೋನ್ ಮಾಡಿದ. ನಮ್ಮ ಘಟಕದಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಅವನು. ಈಗ ನಿವೃತ್ತನಾಗಿ ಊರು ಸೇರಿದ್ದಾನೆ. “ಮೇಡಂ ಹೋಗಿಬಿಟ್ರವ್ವಾ, ಹರಪನಹಳ್ಳ್ಯಾಗ. ಮಲಗಿದೋರು ಏಳ್ಲಿಲ್ಲಂತ” ಎಂದ. ಆಮೇಲೆ ಅವನೇ ಹೇಳಿದ: “ನೀನು ಓದಿದಾಕಿ. ಅವರ ಮ್ಯಾಲ ನಾಕು ಮಾತು ಬರಿ. ಇಲ್ಲಾಂದ್ರ ನಾವಿಬ್ರು ಹೋದ ಮ್ಯಾಲ ಆ ಬೆಂಕಿ ಸುದ್ದಿ ಯಾರಿಗೂ ಗೊತ್ತಾಗಂಗಿಲ್ಲ.”

ಆದ್ದರಿಂದ ಬರೆಯುತ್ತಿದ್ದೇನೆ.

ಹಗರಿಬೊಮ್ಮನಹಳ್ಳಿಯಿಂದ ಕೂಡ್ಲಿಗಿಯ ಕಡೆಗೆ ಹೊರಟರೆ, ಊರು ಮುಗಿದು ಕುರುಚಲು ಗಿಡಗಳು ಶುರುವಾಗುವಲ್ಲಿ ನಮ್ಮ ಪ್ರಯೋಗ ಘಟಕವಿತ್ತು. ಘಟಕ ಎಂದರೆ ಒಂದು ತಗಡಿನ ಶೆಡ್ಡು, ಒಂದು ಕಚೇರಿ ಕೋಣೆ, ತಂತಿಬೇಲಿ, ಗೇಟು. ವಿದ್ಯುತ್ ಉತ್ಪಾದಿಸುವ ಒಂದು ಸಂಸ್ಥೆ ಅದನ್ನು ಕಟ್ಟಿಸಿತ್ತು. ಕಲ್ಲಿದ್ದಲಿನಿಂದ ತಯಾರಿಸಿದ ಮೆಥನಾಲ್ ಎಂಬ ದ್ರವ ಇಂಧನ ದೂರದ ಕಾರ್ಖಾನೆಯೊಂದರಿಂದ ಡ್ರಮ್ಮುಗಳಲ್ಲಿ ನಮ್ಮಲ್ಲಿಗೆ ಬರುತ್ತಿತ್ತು. ಅದನ್ನು ಜನರೇಟರಿಗೆ ಹಾಕಿ ವಿದ್ಯುತ್ ತೆಗೆಯುವುದು, ನಮ್ಮ ಸೀಮೆಯ ಬಿಸಿಲು ಮತ್ತು ಧೂಳಿನಲ್ಲಿ ಆ ಇಂಜಿನ್ ಹೇಗೆ ತಾಳಿಕೊಳ್ಳುತ್ತದೆಂದು ನೋಡುವುದು, ಇದೇ ನಮ್ಮ ಕೆಲಸ. ಅದರ ಮುಖ್ಯಸ್ಥೆ ಅವರು. ಚಿಗಟೇರಿಯಲ್ಲಿ ಹುಟ್ಟಿ, ಹರಪನಹಳ್ಳಿಯಲ್ಲಿ ಓದಿ, ರಸಾಯನಶಾಸ್ತ್ರದಲ್ಲಿ ದೊಡ್ಡ ಪದವಿ ಪಡೆದು, ದೊಡ್ಡ ಊರುಗಳ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿ, ತಾವಾಗಿಯೇ ಕೇಳಿಕೊಂಡು ಈ ತಗಡಿನ ಶೆಡ್ಡಿಗೆ ಬಂದಿದ್ದರು.

ನಾನು ಗುಡೇಕೋಟೆಯವಳು. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲು. ಮೊದಲ ದಿನ ಅವರೆದುರು ನಿಂತಾಗ, ದಾರಿಯುದ್ದಕ್ಕೂ ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ವಾಕ್ಯವನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ತಮ್ಮ ಮಾರ್ಗದರ್ಶನದಲ್ಲಿ ಸೇವೆ ಸಲ್ಲಿಸುವ ಸದವಕಾಶ ದೊರೆತದ್ದು ನನ್ನ ಸೌಭಾಗ್ಯ, ಇತ್ಯಾದಿ. ಅವರು ನೆಲವನ್ನೇ ನೋಡುತ್ತ ಕೇಳಿಸಿಕೊಂಡರು. ಮುಗಿದ ಮೇಲೆ ಯಾವೂರು ಎಂದು ಕೇಳಿದರು. ಹೇಳಿದೆ. “ಹಂಗಾದ್ರ ಗುಡೇಕೋಟಿ ಮಾತಾಡವ್ವಾ. ಪುಸ್ತಕ ನಾನೂ ಓದೇನಿ” ಎಂದರು. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಆದರೂ ಆ ದಿನವಿಡೀ ನನ್ನ ಕಿವಿ ಬಿಸಿಯಾಗಿಯೇ ಇತ್ತು.

ನೆಲ ನೋಡಿ ಮಾತನಾಡುವುದು ಅವರ ಅಭ್ಯಾಸ. ಹೊಸಬರು ಅದನ್ನು ನಾಚಿಕೆ ಎಂದುಕೊಳ್ಳುತ್ತಿದ್ದರು, ಇಲ್ಲವೆ ಜಂಬ ಎಂದು. ಎತ್ತರದ ತೆಳುವಾದ ಮೈ, ಸೊಂಟಕ್ಕೆ ಬಿಗಿದು ಸಿಕ್ಕಿಸಿದ ನೂಲಿನ ಸೀರೆಯ ಸೆರಗು, ಅದರ ಕೆಳಗೆ ಗಂಡಸರ ದಪ್ಪ ಬೂಟುಗಳು. ಆ ಬೂಟು ಹಾಕಿಕೊಂಡೇ ಅವರು ಕೊಟ್ಟೂರಿನ ಮದುವೆಯೊಂದಕ್ಕೆ ಹೋಗಿದ್ದನ್ನು ನಾನು ಕಂಡಿದ್ದೇನೆ. ಓಡಿದ್ದನ್ನು ಕಂಡಿಲ್ಲ, ದನಿ ಎತ್ತಿದ್ದನ್ನೂ ಕಂಡಿಲ್ಲ. ಬೇಸರವಾದರೆ ಮಾತು ಇನ್ನಷ್ಟು ಮೆಲ್ಲಗಾಗುತ್ತಿತ್ತು. ಅವರ ದನಿ ಕೇಳಿಸದಷ್ಟು ತಗ್ಗಿದರೆ ಕೊಟ್ರಪ್ಪಣ್ಣ ನನಗೆ ಕಣ್ಣಿನಲ್ಲೇ ಸನ್ನೆ ಮಾಡುತ್ತಿದ್ದ, ಎದ್ದು ಹೊರಗೆ ಹೋಗೋಣ ಎಂದು.

ಕಲ್ಲಿದ್ದಲು ದ್ರವವಾಗುವ ಬಗೆಯನ್ನು ನಾನು ಪರೀಕ್ಷೆಗಾಗಿ ಓದಿ, ಬರೆದು, ಅಂಕವನ್ನೂ ಪಡೆದಿದ್ದೆ. ಆದರೂ ಅದು ನಿಜವಾಗಿ ನಡೆಯುತ್ತದೆ ಎಂದು ನಂಬಿದ್ದು ಅವರ ಮೇಜಿನ ಮುಂದೆ. ಒಂದು ಕೈಯಲ್ಲಿ ಕಲ್ಲಿದ್ದಲಿನ ಹೆಂಟೆ, ಇನ್ನೊಂದು ಕೈಯಲ್ಲಿ ಬಿರಡೆ ಹಾಕಿದ ಸೀಸೆ ಹಿಡಿದು ತೋರಿಸಿದರು. ಒಂದು ಕರ್ರಗೆ, ಮುಟ್ಟಿದರೆ ಕೈಗೆ ಹತ್ತುವಂಥದ್ದು. ಇನ್ನೊಂದು ಹಗರಿ ಹೊಳೆಯ ಒರತೆಯ ನೀರಿಗಿಂತ ತಿಳಿ. “ಕಲ್ಲಿದ್ದಲಿಗೆ ಉರಿಯಾಕ ಬೇಕಾದಷ್ಟು ಗಾಳಿ ಕೊಡಬಾರದು. ಉಸಿರು ಕಟ್ಟಿಸಿ, ಹಬಿ ಕೊಟ್ಟು ಬೇಯಿಸಬೇಕು. ಆಗ ಅದು ಉರಿಯಂಗಿಲ್ಲ, ಗಾಳಿ ಆಕ್ಕೈತಿ. ಆ ಗಾಳಿನ ತೊಳದು, ಒತ್ತಿ, ತಾಮ್ರದ ಪುಡಿ ಮ್ಯಾಲ ಹಾಯಿಸಿದ್ರ ಈ ಎಣ್ಣಿ” ಎಂದರು. ನೆಲದಡಿಯಲ್ಲಿ ಯಾವ ಕಾಲದಿಂದಲೋ ಮಲಗಿದ್ದ ಕಪ್ಪು ಕಲ್ಲು ತಿಳಿಯಾಗಿ, ಸೀಸೆಯಲ್ಲಿ ತುಳುಕುತ್ತ, ಆಚೆಗಿನ ಅವರ ಬೆರಳುಗಳನ್ನು ಸ್ಪಷ್ಟವಾಗಿ ತೋರಿಸುತ್ತಿತ್ತು. ನಾನು ಕೈ ಚಾಚಿದೆ. ಸೀಸೆ ಹಿಂದೆ ಸರಿಯಿತು. ಇದು ವಿಷ, ಕುಡಿದವರ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ, ಬರಿಗೈಯಲ್ಲಿ ಮುಟ್ಟುವಂತಿಲ್ಲ, ಮೂಸುವಂತಿಲ್ಲ ಎಂದು ಹೇಳಿದರು. ಅದೇ ವಾರ ಇನ್ನೊಂದು ಪಾಠವನ್ನೂ ಮಾಡಿದರು.

ನೆತ್ತಿಯ ಮೇಲೆ ಬಿಸಿಲಿದ್ದ ಹೊತ್ತು. ಅಂಗಳದ ಸಿಮೆಂಟಿನ ಮೇಲೆ ಒಂದು ಸ್ಟೀಲ್ ಬಟ್ಟಲನ್ನಿಟ್ಟು, ನನಗೆ ಬೆನ್ನು ಮಾಡಿ ಏನೋ ಹಾಕಿ, ದೂರ ನಿಂತು, ಬಟ್ಟಲಲ್ಲಿ ಏನಿದೆ ಎಂದು ಕೇಳಿದರು. ನೋಡಿದೆ. ತಳದಲ್ಲಿ ಸ್ವಲ್ಪ ನೀರಿನಂಥದ್ದು ಕಂಡಿತು. ಎಣ್ಣೆ ಇದೆ ಎಂದೆ. ಉದ್ದ ಕೋಲಿನ ತುದಿಗೆ ಒಣಗಿದ ಬೇವಿನೆಲೆ ಸಿಕ್ಕಿಸಿ ಅದರ ಮೇಲೆ ಹಿಡಿಯಲು ಹೇಳಿದರು. ಹಿಡಿದೆ. ಎಲೆ ಮುರುಟಿತು, ಕಪ್ಪಾಯಿತು, ಇಲ್ಲವಾಯಿತು. ಬಟ್ಟಲಿನ ಮೇಲೆ ಏನೂ ಇರಲಿಲ್ಲ. “ಮೆಥನಾಲ್ ಬೆಂಕಿಗೆ ಬಣ್ಣ ಕಡಿಮಿ, ಹೊಗಿ ಇಲ್ಲ. ಬಿಸಿಲಾಗ ಕಣ್ಣಿಗೆ ಬೀಳಂಗಿಲ್ಲ. ಬೆಂಕಿ ಹುಡುಕಬ್ಯಾಡ, ನೆಲ ನೋಡು” ಎಂದರು. ನೋಡಿದೆ. ಬಟ್ಟಲಿನ ನೆರಳಿನ ಪಕ್ಕದಲ್ಲಿ, ಸಿಮೆಂಟಿನ ಮೇಲೆ, ಬಿಸಿಲೇ ನಡುಗುತ್ತಿತ್ತು. ಹರಿಯುವ ನೀರಿನ ತಳದಲ್ಲಿ ಬೆಳಕು ಅಲುಗುವ ಹಾಗೆ. ಅವರು ಒಂದು ಡಬ್ಬಿಯಿಂದ ಪುಡಿ ಉಪ್ಪು ತೆಗೆದು ಬಟ್ಟಲಿಗೆ ಎರಚಿದರು. ಏನೂ ಇಲ್ಲದ ಕಡೆಯಿಂದ ಹಳದಿಯ ಜ್ವಾಲೆ ಮೊಳಕಾಲಿನೆತ್ತರಕ್ಕೆ ಎದ್ದು ನಿಂತಿತು.

ಉಪ್ಪು ಬೆಂಕಿಗೆ ಹಳದಿ ಬಣ್ಣ ಕೊಡುತ್ತದೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಅಂದು ನಾನು ಕಂಡದ್ದನ್ನು ಪಾಠ ಎನ್ನಲು ಇಂದಿಗೂ ಮನಸ್ಸು ಬಾರದು. ಆ ಹೆಂಗಸು ನೆಲ ನೋಡುತ್ತ ಇಡೀ ದಿನ ಏನನ್ನು ಕಾಯುತ್ತಾರೆಂಬುದು ನನಗೆ ಅಂದು ತಿಳಿಯಿತು.

ಉಪ್ಪಿನ ಡಬ್ಬಿ ಇಂಜಿನ್ನಿನ ಪಕ್ಕದಲ್ಲಿ ಸದಾ ಇರುತ್ತಿತ್ತು. ಅದರ ಪಕ್ಕದಲ್ಲಿ ನೀರು ತುಂಬಿದ ಬಕೆಟ್ಟುಗಳು, ನೆನೆಸಿದ ಗೋಣಿಚೀಲ. ಕೊಟ್ರಪ್ಪಣ್ಣ ಬಂದವರಿಗೆಲ್ಲ ಹೇಳುತ್ತಿದ್ದ, ಮೇಡಂ ಇಂಜಿನ್ನಿಗೆ ದೃಷ್ಟಿ ತೆಗೆಯುತ್ತಾರೆ, ಮೆಣಸಿನಕಾಯಿ ಮಾತ್ರ ಇಲ್ಲ ಎಂದು. ಅವನಿಗೂ ಅವರಿಗೂ ನಿತ್ಯದ ಒಂದು ಜಗಳವಿತ್ತು. ನಮ್ಮ ಕಡೆ ಅಮಾವಾಸ್ಯೆಗೆ ಲಾರಿ, ಟ್ರ್ಯಾಕ್ಟರ್, ಗಿರಣಿ, ಪಂಪು, ಏನಿದ್ದರೂ ತೊಳೆದು, ಹೂ ಹಾಕಿ, ಕಾಯಿ ಒಡೆದು, ಕರ್ಪೂರ ಬೆಳಗುವುದು ನಡೆದು ಬಂದ ರೂಢಿ. ಇಂಜಿನ್ ಮುಂದೆ ಕರ್ಪೂರ ಹಚ್ಚಕೂಡದು ಎಂದು ಅವರ ಆಜ್ಞೆ. ಪೂಜೆ ಗೇಟಿನ ಹತ್ತಿರ, ಡ್ರಮ್ಮಿನ ಮುಚ್ಚಳ ತೆಗೆಯುವುದಕ್ಕೆ ಮೊದಲು. ಒಂದು ಅಮಾವಾಸ್ಯೆ ಅವನು ಕಾಯಿ ಹಿಡಿದು ಗೇಟಿನಲ್ಲಿ ನಿಂತು, “ದೇವ್ರಿಗೂ ಗೇಟ್ ಪಾಸ್ ಮಾಡಿಸ್ಬೇಕೇನ್ರಿ ಮೇಡಂ?” ಎಂದು ಕೇಳಿದ. “ದೇವ್ರಿಗೆ ಎಲ್ಲಾ ಕಡಿ ಪ್ರವೇಶ ಐತಪ್ಪಾ. ಕರ್ಪೂರಕ್ಕ ಇಲ್ಲ” ಎಂದರು. ಆದರೂ ಅವನು ಒಡೆದ ಕಾಯಿಯ ಹೋಳನ್ನು ಮೇಡಂ ಕೇಳಿ ಪಡೆದು, ಮಂಡಕ್ಕಿಯ ಜೊತೆ ತಿನ್ನುತ್ತ ಕೂತಿರುತ್ತಿದ್ದರು.

ಕೊಟ್ಟೂರಿನ ಕಾಲೇಜಿನಿಂದ ಒಮ್ಮೆ ವಿದ್ಯಾರ್ಥಿಗಳು ಬಂದರು. ಕಲ್ಲಿದ್ದಲನ್ನು ಹಾಗೆಯೇ ಸುಟ್ಟು ಕರೆಂಟ್ ಮಾಡುವ ದೊಡ್ಡ ಸ್ಥಾವರಗಳು ಬಳ್ಳಾರಿಯ ಕಡೆ ಇರುವಾಗ ಇಷ್ಟೆಲ್ಲ ಸುತ್ತು ಬಳಸುವುದೇಕೆ ಎಂದು ಒಬ್ಬ ಹುಡುಗಿ ಕೇಳಿದಳು. ಹಳ್ಳಿಯ ದವಾಖಾನೆಯ ಹಿಂದೆ ಬಾಯ್ಲರ್ ಕಟ್ಟಲಾದೀತೇ, ಇದನ್ನಾದರೆ ಕ್ಯಾನಿನಲ್ಲಿ ಒಯ್ಯಬಹುದು ಎಂದರು ಮೇಡಂ. ಆಗ ಉತ್ಸಾಹದಿಂದ ನಾನು, ಇದರಲ್ಲಿ ಹೊಗೆಯೇ ಇಲ್ಲ ಎಂದು ಸೇರಿಸಿದೆ. ಅವರ ದನಿ ತಗ್ಗಿತು. “ಹೊಗಿ ಇಲ್ಲ ಅನಬ್ಯಾಡ. ಎಣ್ಣಿ ಮಾಡಿದ ಊರಾಗ ಹೊಗಿ ಬಿಟ್ಟು ಬಂದೇವಿ ಅನ್ನು. ಕಲ್ಲಿದ್ದಲಿನ ಕಸುವು ಅರ್ಧಕ್ಕರ್ಧ ಅಲ್ಲೇ ಹೋಗಿರ್ತೈತಿ, ಅದನ್ನೂ ಹೇಳು” ಎಂದರು. ತಾವು ಬಾಳನ್ನೇ ತೆತ್ತ ವಸ್ತುವಿನ ಕುಂದನ್ನು ಮಕ್ಕಳ ಮುಂದೆ ಹೀಗೆ ಬಿಚ್ಚಿಡುವವರನ್ನು ನಾನು ಬೇರೆ ಕಂಡಿಲ್ಲ.

ಅವರಿಗೆ ಹಟವಿದ್ದದ್ದು ಒಂದೇ ವಿಷಯದಲ್ಲಿ. ಇಂಜಿನ್ ಬರೀ ಕಲ್ಲಿದ್ದಲಿನ ಎಣ್ಣೆಯಲ್ಲೇ ಓಡಬೇಕು.

ಮೆಥನಾಲಿಗೆ ಸ್ವಲ್ಪ ಪೆಟ್ರೋಲ್ ಬೆರೆಸಿದರೆ ಎಷ್ಟೋ ತೊಂದರೆ ತಪ್ಪುತ್ತದೆಂದು ಮುಖ್ಯ ಕಚೇರಿಯ ಇಂಜಿನಿಯರುಗಳು ಹೇಳುತ್ತಲೇ ಇದ್ದರು. ಚಳಿಗಾಲದ ಬೆಳಿಗ್ಗೆ ನಮ್ಮ ಇಂಜಿನ್ ಸುಲಭವಾಗಿ ಏಳುತ್ತಿರಲಿಲ್ಲ. ಕೊಳವೆಗೆ ಬಟ್ಟೆ ಸುತ್ತಿ ಬಿಸಿನೀರು ಹೊಯ್ದು ಎಬ್ಬಿಸಬೇಕಿತ್ತು. ಪೆಟ್ರೋಲ್ ಇದ್ದಿದ್ದರೆ ಆ ಕಷ್ಟವಿರುತ್ತಿರಲಿಲ್ಲ. ಆದರೆ ಪೆಟ್ರೋಲ್ ಹೊರದೇಶದಿಂದ ಬರುವ ವಸ್ತು, ಅದು ಸೇರಿದ ಮೇಲೆ ಇದನ್ನು ನಮ್ಮ ನೆಲದ ಇಂಧನ ಎನ್ನುವ ಹಾಗಿಲ್ಲ ಎಂಬುದು ಅವರ ವಾದ. “ಪಕ್ಕದ ಮನಿ ಬೆಲ್ಲ ಹಾಕಿ ಹೋಳಿಗಿ ಮಾಡಿ, ನಮ್ಮನಿ ಹೋಳಿಗಿ ಅನ್ನಾಕ ಬಾಯಿ ಬರ್ತೈತೇನು?” ಎಂದು ಕೇಳುತ್ತಿದ್ದರು. ಮುಖ್ಯ ಕಚೇರಿಯವರು ನಮ್ಮದಕ್ಕೆ ‘ಮಡಿ ಇಂಜಿನ್’ ಎಂದು ಹೆಸರಿಟ್ಟರು. ಒಮ್ಮೆ ಕೊಟ್ರಪ್ಪಣ್ಣನೂ ಸೇರಿಸಿದ: “ನಮ್ಮ ಇಂಜಿನ್ ಮಡಿ ಉಟ್ಟೈತ್ರಿ, ಪೆಟ್ರೋಲ್ ಮುಟ್ಟಿದ್ರ ಜಳಕ ಮಾಡ್ತೈತಿ.” ಅವರೂ ನಕ್ಕರು, ಆದರೆ ಬಿಟ್ಟುಕೊಡಲಿಲ್ಲ. ಪ್ರಯೋಗಾಲಯಗಳಲ್ಲಿ, ಸಭೆಗಳಲ್ಲಿ, ಸಿಕ್ಕವರೆದುರಲ್ಲೆಲ್ಲ ವರ್ಷಗಟ್ಟಲೆ ಅವರು ಹೇಳಿಕೊಂಡು ಬಂದ ಮಾತು ಅದೊಂದೇ. ಬೆರಕೆಯಿಲ್ಲದೆ ಆಗುತ್ತದೆ.

ಅವರ ನಿವೃತ್ತಿ ಹತ್ತಿರವಾಯಿತು. ಹಡಗಲಿ ಕಡೆಯ ಒಂದು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಈ ಜನರೇಟರನ್ನು ಕೊಡಬಹುದೇ ಎಂದು ತೀರ್ಮಾನಿಸಲು ಸಮಿತಿಯೊಂದು ಬರುವುದೆಂದು ತಿಳಿಯಿತು. ಆ ಕೇಂದ್ರದಲ್ಲಿ ಕರೆಂಟ್ ಹೋದರೆ ಲಸಿಕೆಯ ಪೆಟ್ಟಿಗೆ ಬಿಸಿಯಾಗುತ್ತಿತ್ತು, ಹೆರಿಗೆ ಕೋಣೆ ಕತ್ತಲಾಗುತ್ತಿತ್ತು. ಸಮಿತಿ ಒಪ್ಪಿದರೆ, ಬೆರಕೆಯಿಲ್ಲದ ಕಲ್ಲಿದ್ದಲ ಎಣ್ಣೆಯಿಂದ ಒಂದು ಹಳ್ಳಿಗೆ ಬೆಳಕು ಸಿಕ್ಕ ಹಾಗೆ. ಒಪ್ಪದಿದ್ದರೆ ಅವರ ನಂತರ ಅದನ್ನು ಕೇಳುವವರು ಯಾರೂ ಇರಲಿಲ್ಲ. ಇದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಆ ದಿನಗಳಲ್ಲಿ ಇಂಜಿನ್ನಿನ ಪ್ರತಿಯೊಂದು ನಟ್ಟನ್ನೂ ತಾವೇ ಮುಟ್ಟಿ ನೋಡುತ್ತಿದ್ದುದರಿಂದ ನಮಗೆ ತಿಳಿಯುತ್ತಿತ್ತು.

ಸಮಿತಿ ಬಂದಾಗ ಮಧ್ಯಾಹ್ನ. ಗೇಟಿನ ಪೂಜೆ ಬೆಳಿಗ್ಗೆಯೇ ಮುಗಿದಿತ್ತು. ಬಂದ ಮೂವರಲ್ಲಿ ಅಧ್ಯಕ್ಷರು ವಯಸ್ಸಾದವರು, ಬೆಂಗಳೂರಿನವರು, ಸೌಜನ್ಯದ ಮಾತಿನವರು. ಇಂಜಿನ್ ಸಿಮೆಂಟಿನ ಕಟ್ಟೆಯ ಮೇಲಿತ್ತು. ಮೇಲೆ ತಗಡಿದ್ದರೂ ಕಟ್ಟೆಯ ಮುಂಭಾಗ ಬಿಸಿಲಿಗೆ ಚಾಚಿಕೊಂಡಿತ್ತು. ಆ ಅಂಚಿನಲ್ಲಿ ಅತಿಥಿಗಳಿಗೆ ಕಾಣಲೆಂದು ಒಂದು ಕಲ್ಲಿದ್ದಲ ಹೆಂಟೆಯನ್ನೂ ಅದರ ಪಕ್ಕದಲ್ಲಿ ಒಂದು ಗಾಜಿನ ಬೀಕರಿನಲ್ಲಿ ಮೆಥನಾಲನ್ನೂ ಮೇಡಂ ತಾವೇ ಇಟ್ಟಿದ್ದರು. ಬೀಕರಿಗೆ ಎಣ್ಣೆ ತುಂಬಿ ಕೊಟ್ಟವನು ಕೊಟ್ರಪ್ಪಣ್ಣ.

ಇಂಜಿನ್ ಮೊದಲ ಸಲಕ್ಕೇ ಎದ್ದಿತು. ಎದುರಿನ ಹಲಗೆಯಲ್ಲಿ ಸಾಲಾಗಿ ಜೋಡಿಸಿದ್ದ ಬಲ್ಬುಗಳು ಒಟ್ಟಿಗೇ ಬೆಳಗಿದವು. ಪಕ್ಕದ ನೀರೆತ್ತುವ ಮೋಟಾರನ್ನೂ ಜೋಡಿಸಿದೆವು. ಬಲ್ಬುಗಳು ಒಂದು ಗಳಿಗೆ ಮಂಕಾಗಿ ಮತ್ತೆ ನೆಟ್ಟಗಾದವು. ಆ ಬೆಳಕನ್ನು ನಾನು ಎಷ್ಟೋ ಸಲ ನೋಡಿದ್ದೆ. ಆದರೂ ಪಕ್ಕದಲ್ಲಿದ್ದ ಕರಿ ಹೆಂಟೆಯನ್ನೂ ಆ ಬಲ್ಬುಗಳನ್ನೂ ಒಂದೇ ನೋಟದಲ್ಲಿ ಕಂಡಾಗ ಮೈ ಜುಮ್ಮೆಂದಿತು. ಅಧ್ಯಕ್ಷರ ಮುಖ ಅರಳಿತು. ಇಂಥ ಶುಭ ಗಳಿಗೆಯಲ್ಲಿ ಒಂದು ಮಂಗಳಾರತಿ ಆಗದಿದ್ದರೆ ಹೇಗೆ ಎಂದರು. ಮೇಡಂ ಮತ್ತು ನಾನು ಬಲ್ಬಿನ ಹಲಗೆಯ ಹಿಂದೆ, ಮೀಟರಿನ ಮುಂದೆ ಇದ್ದೆವು. ಇಂಜಿನ್ನಿನ ಸದ್ದಿನಲ್ಲಿ ಆ ಮಾತು ನಮಗೆ ಕೇಳಿಸಲಿಲ್ಲ. ದೊಡ್ಡವರು ಹೇಳಿದ ಮೇಲೆ ಕೊಟ್ರಪ್ಪಣ್ಣ ಗೇಟಿನಿಂದ ತಟ್ಟೆ ತಂದ. ಕರ್ಪೂರ ಹಚ್ಚಿ ಬೆಳಗಿದ. ತಟ್ಟೆಯನ್ನು ಕಟ್ಟೆಯ ಅಂಚಿನಲ್ಲಿಟ್ಟ. ಆರತಿಯಾದ ಮೇಲೆ ಅದರ ಸುತ್ತ ಒಂದಿಷ್ಟು ನೀರು ಬಿಟ್ಟು ಆಮೇಲೆ ಎಲ್ಲರಿಗೂ ಕೊಡುವುದು ಅವನ ಮನೆಯಲ್ಲಿ, ಗುಡಿಯಲ್ಲಿ, ಹುಟ್ಟಿದಾಗಿನಿಂದ ಅವನು ಮಾಡಿಕೊಂಡು ಬಂದ ಕ್ರಮ. ಕೈ ಪಕ್ಕಕ್ಕೆ ಹೋಯಿತು. ಅಲ್ಲಿ ಗಾಜಿನಲ್ಲಿ ನೀರಿತ್ತು. ಎತ್ತಿ ತಟ್ಟೆಯ ಸುತ್ತ ಬಿಟ್ಟ.

ಆಗಲೂ ಯಾರೂ ಏನನ್ನೂ ಕಾಣಲಿಲ್ಲ. ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು, ಅದು ಎಲ್ಲರಿಗೂ ಕಾಣುತ್ತಿತ್ತು. ಕಟ್ಟೆಯ ಮೇಲೆ ಚೆಲ್ಲಿದ್ದು ಒದ್ದೆಯ ಗೆರೆಯಾಗಿ ಇಂಜಿನ್ನಿನ ಎಣ್ಣೆಯ ಕೊಳವೆಯ ಕಡೆಗೆ ಮೆಲ್ಲಗೆ ಹರಿಯುತ್ತಿತ್ತು. ಅಧ್ಯಕ್ಷರು ಚಪ್ಪಲಿ ಬಿಟ್ಟು ಮುಂದೆ ಬಂದರು, ಕಟ್ಟೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಬಾಗಿದರು.

ಮೀಟರಿನಿಂದ ತಲೆಯೆತ್ತಿದ ಮೇಡಂ ಎಂದಿನಂತೆ ನೆಲ ನೋಡಿದರು. ಮರುಗಳಿಗೆಯಲ್ಲಿ ಅವರು ನನ್ನ ಪಕ್ಕದಲ್ಲಿರಲಿಲ್ಲ. ಡಬ್ಬಿಯ ಉಪ್ಪೆಲ್ಲ ಒಂದೇ ಸಲಕ್ಕೆ ಕಟ್ಟೆಯ ಮೇಲೆ ಬಿತ್ತು.

ಅಧ್ಯಕ್ಷರ ಚಾಚಿದ ಕೈಯ ಮುಂದೆ ಒಂದು ಗೋಡೆಯಷ್ಟು ಹಳದಿ ಬೆಂಕಿ ಎದ್ದಿತು. ಅಷ್ಟು ಹೊತ್ತೂ ಅದು ಅಲ್ಲಿಯೇ ಇತ್ತು, ಈಗ ಕಂಡಿತು. ಎಲ್ಲರೂ ಹಿಂದಕ್ಕೆ ಹಾರಿದರು. ಮೇಡಂ ಬಗ್ಗಿ ಕೊಳವೆಯ ತಿರುಪನ್ನು ಮುಚ್ಚಿದರು, ನೆನೆಸಿದ ಗೋಣಿಯನ್ನು ಹಾಸಿದರು. ನಾನು ಬಕೆಟ್ ಬಗ್ಗಿಸಿದೆ. ಇಂಜಿನ್ ಕೆಮ್ಮಿ ನಿಂತಿತು. ಬಲ್ಬುಗಳು ಆರಿದವು. ಕೊಟ್ರಪ್ಪಣ್ಣನ ಮುಂಗೈಯ ಕೂದಲು ಸುಟ್ಟಿದ್ದನ್ನು ಬಿಟ್ಟರೆ ಯಾರಿಗೂ ಏನೂ ಆಗಿರಲಿಲ್ಲ. ಅವನು ತನ್ನ ಕೈಯನ್ನೇ ನೋಡುತ್ತ ನಿಂತಿದ್ದ. ಆಮೇಲೆ ನನ್ನೊಬ್ಬಳಿಗೇ ಕೇಳುವಂತೆ ಅಂದ: “ನನಗ ಗೊತ್ತಿತ್ತವ್ವಾ. ಕೈಗೆ ಗೊತ್ತಿರ್ಲಿಲ್ಲ.”

ಇದನ್ನು ಯಾರು ಮಾಡಿದ್ದು ಎಂದು ಸಮಿತಿಯ ಇನ್ನೊಬ್ಬರು ಕೇಳಿದರು. ಮೇಡಂ ಸೆರಗಿನಿಂದ ಕೈ ಒರೆಸಿಕೊಂಡು, “ನೀರಿನಂಗ ಕಾಣೋದನ್ನ ನೀರಿಡೋ ಜಾಗದಾಗ ಇಟ್ಟಾಕಿ ನಾನ್ರಿ” ಎಂದರು. ಆ ಪ್ರಶ್ನೆ ಅಲ್ಲಿಗೇ ಮುಗಿಯಿತು.

ಎಲ್ಲರೂ ಕಚೇರಿ ಕೋಣೆಗೆ ಬಂದು ಕೂತೆವು. ಅಧ್ಯಕ್ಷರು ನೀರು ಕುಡಿದು ಸುಧಾರಿಸಿಕೊಂಡರು. ಅವರು ನಿಜವಾಗಿಯೂ ಒಳ್ಳೆಯ ಮನುಷ್ಯ. ಅವರಿಗೆ ತಮ್ಮ ಕೈ ಉಳಿಸಿದವರ ಮೇಲೆ ಕೃತಜ್ಞತೆ ಇತ್ತು.

“ಮೇಡಂ, ಆರತಿಗೆ ಹೇಳಿದವನು ನಾನೇ. ಇಂಜಿನ್ನಿನದೇನೂ ತಪ್ಪಿಲ್ಲ, ಅದು ಚೆನ್ನಾಗಿ ಓಡಿದ್ದನ್ನ ನಾವು ಮೂವರೂ ನೋಡಿದ್ದೇವೆ. ಇದನ್ನು ವರದಿಗೆ ತರೋದು ಬೇಡ. ಅನುಮತಿ ಕೊಟ್ಟುಬಿಡೋಣ” ಎಂದರು.

ನಾನು ಮೇಡಂ ಮುಖ ನೋಡಿದೆ. ಬೇಕಾಗಿದ್ದದ್ದು ಮೇಜಿನ ಆ ಬದಿಯಿಂದ ತಾನಾಗಿಯೇ ನಡೆದು ಬಂದಿತ್ತು. ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಅವರು ನೆಲ ನೋಡಲಿಲ್ಲ. ಅವರು ಒಬ್ಬರ ಕಣ್ಣಿನಲ್ಲಿ ಕಣ್ಣಿಟ್ಟು ಮಾತನಾಡಿದ್ದನ್ನು ನಾನು ಕಂಡದ್ದು ಆಗ ಮಾತ್ರ.

“ಬರೀರಿ ಸರ್” ಎಂದರು. “ನಮ್ಮ ಕೊಟ್ರಪ್ಪ ಆ ಎಣ್ಣಿ ಜೋಡಿ ವರ್ಷಗಟ್ಲೆ ಬಾಳೇವು ಮಾಡ್ಯಾನ. ಗೊತ್ತಿದ್ದೂ ಅವನ ಕೈ ಅದರ ಕಡಿ ಹೋತು. ಆ ದವಾಖಾನ್ಯಾಗ ಅಮಾಸಿಗೊಮ್ಮಿ ಕರ್ಪೂರ ಹಚ್ಚೂದು ಖರೇ. ಬ್ಯಾಡ ಅಂತ ಬೋರ್ಡ್ ಹಾಕಿದ್ರ ಬೋರ್ಡಿಗೂ ಹೂ ಹಾಕ್ತಾರ. ಅಲ್ಲಿ ಬಾಣಂತಿ ಇರ್ತಾಳ, ಕೂಸು ಇರ್ತೈತಿ. ನೆಲ ನೋಡಾಕ ನಾನಿರಂಗಿಲ್ಲ.”

ಹಾಗಾದರೆ ಏನು ಮಾಡೋಣ ಎಂದು ಅಧ್ಯಕ್ಷರು ಕೇಳಿದರು.

“ಪೆಟ್ರೋಲ್ ಬೆರಸ್ರಿ. ವಾಸನಿ ಬರ್ತೈತಿ, ನೀರಿನ ಬಣ್ಣ ಹೋಕ್ಕೈತಿ. ಉರಿದ್ರ ಬೆಂಕಿ ಬೆಂಕಿಯಂಗ ಕಾಣ್ತೈತಿ.”

ಮಡಿ ಇಂಜಿನ್ ಎಂದು ಹೆಸರಿಟ್ಟಿದ್ದವರಲ್ಲಿ ಒಬ್ಬರು ಸಮಿತಿಯಲ್ಲಿಯೇ ಇದ್ದರು. ಅವರೂ ತಲೆ ತಗ್ಗಿಸಿದರು. ಅಧ್ಯಕ್ಷರು ಮೆಲ್ಲಗೆ, “ಹಾಗಾದರೆ ನೀವು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಬಿದ್ದುಹೋಗುತ್ತಲ್ಲ ಮೇಡಂ?” ಎಂದರು.

“ಬೀಳ್ಲಿ” ಎಂದರು ಅವರು.

ವಿಜ್ಞಾನದ ದೊಡ್ಡ ದೊಡ್ಡ ಆವಿಷ್ಕಾರಗಳ ಬಗ್ಗೆ ನಾನು ಓದಿದ್ದೇನೆ, ಅವುಗಳ ಮುಂದೆ ಬೆರಗಾಗಿದ್ದೇನೆ. ಆದರೆ ಆ ಒಂದು ಮಾತನ್ನು ಕೇಳಿದಾಗ ನನಗಾದದ್ದು ಯಾವ ಪುಸ್ತಕದ ಮುಂದೆಯೂ ಆಗಲಿಲ್ಲ. ಯಾರಿಗೂ ಕಾಣದಿದ್ದ ಬೆಂಕಿಯನ್ನು ಅವರು ಕಂಡರು, ಅದು ಅಭ್ಯಾಸದಿಂದ ಬಂದದ್ದು ಎನ್ನಬಹುದು. ಕಂಡದ್ದನ್ನು ಎಲ್ಲರಿಗೂ ಕಾಣಿಸಿದರು, ಅದೂ ಕರ್ತವ್ಯ ಎನ್ನಬಹುದು. ಆಮೇಲೆ ಎಲ್ಲರೂ ಸೇರಿ ಕಣ್ಣು ಮುಚ್ಚಿಕೊಳ್ಳೋಣ ಎಂದಾಗ ಅವರೊಬ್ಬರು ಒಪ್ಪಲಿಲ್ಲ. ಅದಕ್ಕೆ ಏನೆನ್ನಬೇಕೋ ನನಗೆ ಇನ್ನೂ ತಿಳಿದಿಲ್ಲ. ಆ ದಿನದ ವರದಿಯನ್ನು ನಾನೇ ಬರೆದೆ. ಅದರಲ್ಲಿ ಒಂದೂ ವಿಶೇಷಣ ಇರಲಿಲ್ಲ, ಅವರು ಗೆರೆ ಎಳೆಯುವಂಥದ್ದು ಏನೂ ಇರಲಿಲ್ಲ.

ಬೆರಕೆ ಇಂಧನದಲ್ಲಿ ಜನರೇಟರನ್ನು ಮತ್ತೆ ಪರೀಕ್ಷಿಸಿ ಆರೋಗ್ಯ ಕೇಂದ್ರಕ್ಕೆ ಕೊಡಬಹುದೆಂದು ಸಮಿತಿ ಬರೆಯಿತು. ಪೆಟ್ರೋಲ್ ಕ್ಯಾನು ಬಂದಾಗ ಅವರ ಸೇವೆಯ ಕೊನೆಯ ವಾರ ನಡೆಯುತ್ತಿತ್ತು. ಬೆರೆಸುವ ಕೆಲಸವನ್ನು ಕೊಟ್ರಪ್ಪಣ್ಣ ತಾನು ಮಾಡುತ್ತೇನೆಂದ. ನಾನೂ ಮುಂದೆ ಬಂದೆ. ನಮ್ಮಿಬ್ಬರಿಗೂ ಅವರಿಂದ ಅದನ್ನು ಮಾಡಿಸಲು ಇಷ್ಟವಿರಲಿಲ್ಲ. ಅವರು ಕೈಗವಸು ಹಾಕಿಕೊಂಡು ನಮ್ಮನ್ನು ಹಿಂದೆ ಸರಿಸಿದರು.

ಕ್ಯಾನನ್ನು ಎರಡೂ ಕೈಗಳಿಂದ ಎತ್ತಿ, ಒಂದು ತೊಟ್ಟೂ ಚೆಲ್ಲದಂತೆ, ನಿಧಾನವಾಗಿ ಹೊಯ್ದರು. ತಿಳಿಯಾದ ಎಣ್ಣೆಯೊಳಗೆ ಬಣ್ಣದ ಎಳೆಯೊಂದು ಇಳಿಯಿತು, ಸುರುಳಿ ಸುತ್ತಿತು, ಹರಡಿತು. ಡ್ರಮ್ಮಿನ ತಳ ಕಾಣದಾಯಿತು. ಅದು ಪೂರ್ತಿ ಬೆರೆಯುವವರೆಗೆ ಅವರು ಬಗ್ಗಿ ನೋಡುತ್ತಲೇ ಇದ್ದರು. ಆಮೇಲೆ ಮುಚ್ಚಳ ಬಿಗಿದು, ಕೈಗವಸು ತೆಗೆದು, ಕಟ್ಟೆಯಿಂದ ದೂರ ಬಂದು ನಿಂತರು.

ಕೊಟ್ರಪ್ಪಣ್ಣನಿಗೆ ತಡೆಯಲಾಗಲಿಲ್ಲ. “ಸಂಕಟ ಆತೇನ್ರಿ ಮೇಡಂ?” ಎಂದು ಕೇಳಿದ.

“ಆತಪ್ಪಾ” ಎಂದರು. ಕೈಗವಸನ್ನು ಅವನ ಕೈಗೆ ಕೊಟ್ಟು, “ಚಾಲೂ ಮಾಡಿನ್ನ” ಎಂದರು.